ಸೀಲ್ ಆಗದ ವಿಮಾನಕ್ಕೆ ವಿಭೂತಿ

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಿಗ್ಗೆ. ಹರಿಹರದ ಮುರಿಗೆಪ್ಪನವರ ಪಡಸಾಲೆಯಲ್ಲಿ ಇದ್ದವರು ಮೂವರೇ: ಮುರಿಗೆಪ್ಪ, ಅವರ ಪತ್ನಿ ಗೌರಮ್ಮ, ಮತ್ತೆ ನಾನು. ಮೇಜಿನ ಮೇಲೆ ಗೇಣುದ್ದಕ್ಕೆ ತುಸು ಕಡಿಮೆಯ ಒಂದು ಯುದ್ಧವಿಮಾನ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಾನು ಮಾಡೆಲ್ ತಯಾರಿಸುವ ಅಂಗಡಿ ಇಟ್ಟು ಆಗ ಇಪ್ಪತ್ತೊಂದು ವರ್ಷ. ಕಟ್ಟಡಗಳ ಮಾಡೆಲ್ ಹೊಟ್ಟೆಪಾಡಿಗೆ, ವಿಮಾನ ಮನಸ್ಸಿನ ಖುಷಿಗೆ. ಮುರಿಗೆಪ್ಪ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ರಿಪೇರಿ ಮಾಡಿ ಕಳಿಸುತ್ತಿದ್ದ ನ್ಯಾಟ್ ವಿಮಾನವನ್ನು ಹಾರಿಸಿದ ಪೈಲಟ್, ಮರುದಿನ ಮಧ್ಯಾಹ್ನ ಪುಣೆಯಿಂದ ಅವರ ಮನೆಗೆ ಬರುವವರಿದ್ದರು. ಎಂಬತ್ತು ದಾಟಿದ ಜೀವ. ಇನ್ನೊಮ್ಮೆ ಬರುವ ಮಾತಿಲ್ಲ. ಅದೇ ವಿಮಾನದ ಮಾಡೆಲ್ಲನ್ನು, ಅದೇ ನಂಬರಿನೊಂದಿಗೆ ಅವರ ಕೈಗಿಡಬೇಕೆಂದು ಮುರಿಗೆಪ್ಪನವರ ಆಸೆ.

ಆ ನಂಬರನ್ನು ಬ್ರಷ್ಷಿನಲ್ಲಿ ಬರೆಯುವುದಿಲ್ಲ. ಅದು ಡೆಕಾಲ್: ಅಂಟು ಸವರಿದ ಕಾಗದದ ಮೇಲೆ ಅಚ್ಚಾದ, ಈರುಳ್ಳಿ ಪೊರೆಯಷ್ಟು ತೆಳುವಾದ ಚಿತ್ರ. ನೀರಿನಲ್ಲಿ ಅರ್ಧ ನಿಮಿಷ ನೆನೆಸಿದರೆ ಕಾಗದದಿಂದ ಜಾರುತ್ತದೆ. ಅದನ್ನು ವಿಮಾನದ ಮೈಮೇಲೆ ಕೂರಿಸಿ, ಒಣಗಿಸಿ, ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದು ಸೀಲ್ ಮಾಡಬೇಕು. ಸೀಲ್ ಆದ ಮೇಲೆ ತಿದ್ದಲು ಬರುವುದಿಲ್ಲ. ಹಾಗಾಗಿ ಮೊದಲೇ ಗಿರಾಕಿಗೆ ತೋರಿಸಿ ಹೂಂ ಅನ್ನಿಸಿಕೊಳ್ಳುವುದು ನನ್ನ ಪದ್ಧತಿ. ಅಂದು ಹೋದದ್ದೂ ಅದಕ್ಕೇ.

ಮುರಿಗೆಪ್ಪ ಭೂತಗನ್ನಡಿ ಹಿಡಿದು ನೋಡಿದರು. "ಕರೆಕ್ಟ್ ಐತೆ ರಫೀಕ್. ನನ್ ಗಾಡೀನೇ ಇದು."

ತಿಂಡಿಗೆ ಕೈ ತೊಳೆಯಲು ನಾವಿಬ್ಬರೂ ಹಿತ್ತಲಿಗೆ ಹೋದೆವು. ಬರುವಷ್ಟರಲ್ಲಿ ಗೌರಮ್ಮ ವಿಮಾನದ ಮುಂದೆ ಊದಿನಕಡ್ಡಿ ಹಚ್ಚಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಬಾಲದ ಬಳಿ ಎಳೆದಿದ್ದರು. ನಂಬರಿನ ಕೊನೆಯ ಎರಡಂಕಿ ಜಾರಿ ಮಡಚಿಕೊಂಡಿದ್ದವು.

"ಏನ್ ಮಾಡ್ದೆ? ಅದೇನು ಟ್ರ್ಯಾಕ್ಟರ್ ಏನೇ?" ಮುರಿಗೆಪ್ಪ ಕೂಗಿದರು.

"ರೆಕ್ಕಿ ಐತೆ, ಮೂರ್ ಗಾಲಿ ಐತೆ. ಹೊಸ ಗಾಡೀಗೆ ಪೂಜಿ ಬ್ಯಾಡೇನ್ರಿ?" ಎಂದ ಗೌರಮ್ಮ, ನನ್ನ ಮುಖ ನೋಡಿ ತಣ್ಣಗಾದರು. "ತಮ್ಮಾ, ಕೆಟ್ಟೋತಾ?"

ನಾನು ಬಗ್ಗಿ ನೋಡಿದೆ. ಆ ನಂಬರಿನ ಡೆಕಾಲ್ ಇನ್ನೊಂದಿರಲಿಲ್ಲ. ಅಚ್ಚು ಹಾಕಿಸಿ ತರಿಸಲು ಹದಿನೈದು ದಿನ ಬೇಕು. ಆದರೆ ಪೊರೆ ಹರಿದಿರಲಿಲ್ಲ. ನೀರಿಗೆ ಬಿಟ್ಟುಕೊಂಡದ್ದನ್ನು ನೀರಿನಿಂದಲೇ ಬಿಡಿಸಬಹುದು.

"ಬೆಚ್ಚನ್ ನೀರು ತರ್ರಿ ಅಮ್ಮಾ. ಒರಸಬ್ಯಾಡ್ರಿ, ಅಷ್ಟೇ."

ಮೆತ್ತನೆಯ ಬ್ರಷ್ಷಿನಿಂದ ಹನಿಹನಿಯಾಗಿ ನೀರು ಬಿಟ್ಟೆ. ಒಂದು ಕಣ ವಿಭೂತಿ ಅಡಿಯಲ್ಲಿ ಉಳಿದರೂ ಲ್ಯಾಕರ್ ಕೆಳಗೆ ಬಿಳಿ ಚುಕ್ಕೆಯಾಗಿ ಶಾಶ್ವತವಾಗಿ ನಿಲ್ಲುತ್ತದೆ. ಮುರಿಗೆಪ್ಪ ಬಗ್ಗಿ ಬಗ್ಗಿ ನೋಡುತ್ತಿದ್ದರು.

"ನೀವ್ ಅತ್ಲಾಗ್ ಉಸಿರು ಬಿಡ್ರಿ, ಹಾರಿ ಹೋದೀತು," ಎಂದರು ಗೌರಮ್ಮ.

ಮುಕ್ಕಾಲು ಗಂಟೆಗೆ ಮಡಿಕೆ ಬಿಚ್ಚಿತು. ಮೂಲದ ಅಂಟು ತೊಳೆದುಹೋಗಿದ್ದರಿಂದ, ಚೀಲದಲ್ಲಿದ್ದ ಬಿಳಿ ಅಂಟನ್ನು ನೀರಿಗೆ ಬೆರೆಸಿ ಅಡಿಗೆ ಹರಿಸಿ, ಅಂಕಿಗಳನ್ನು ಸಾಲಿಗೆ ತಳ್ಳಿದೆ. ನೇರ ನಿಂತವು. ಗೌರಮ್ಮ ಗೋಡೆಗೊರಗಿ ಕುಳಿತೇಬಿಟ್ಟರು. ತಿಂಡಿ ಆರಿತ್ತು, ಆದರೂ ಎರಡು ಸಲ ಹಾಕಿಸಿಕೊಂಡು ತಿಂದೆ.

ಸೀಲ್ ಆಗುವವರೆಗೆ ನೆಮ್ಮದಿಯಿಲ್ಲ. ವಿಮಾನವನ್ನು ಪೆಟ್ಟಿಗೆಯಲ್ಲಿಟ್ಟು ದಾವಣಗೆರೆ ಬಸ್ಸು ಹತ್ತಿದೆ. ದಾರಿಯಲ್ಲಿ ಬಾತಿ ಊರು ದಾಟುವಾಗ ಬಸ್ಸು ಹಂಪ್ ಹಾರಿದರೆ ನನ್ನ ಎದೆಯೂ ಹಾರುತ್ತಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಎರಡು ತೆಳು ಕೋಟ್ ಲ್ಯಾಕರ್ ಹೊಡೆದೆ. ಸಂಜೆ ಭೂತಗನ್ನಡಿಯಲ್ಲಿ ನೋಡಿದರೆ ಒಂದು ಚುಕ್ಕೆಯೂ ಇಲ್ಲ. ಅಬ್ಬಾ ಅಂದೆ.

ತಪ್ಪು ಗೌರಮ್ಮನವರದಲ್ಲ. ನೋಡಿದವರಿಗೆ ಅದು ಮುಗಿದ ವಿಮಾನ. ಇನ್ನೂ ಹಸಿ ಎಂಬುದು ನನಗೂ ಮುರಿಗೆಪ್ಪನವರಿಗೂ ಮಾತ್ರ ಗೊತ್ತಿತ್ತು. ಗಿರಾಕಿಗೆ ಹೇಳಿದರೆ ಸಾಲದು, ಮನೆಯವರಿಗೆಲ್ಲ ಹೇಳಬೇಕೆಂದು ಅಂದು ಕಲಿತೆ.

ಮರುದಿನ ಬೆಳಿಗ್ಗೆ ಮಾಡೆಲ್ ತಲುಪಿಸಿದೆ. ಮಧ್ಯಾಹ್ನ ಪೈಲಟ್ ಬಂದರು. ನಂಬರನ್ನು ಬೆರಳಿನಿಂದ ಸವರಿ ಗಟ್ಟಿಯಾಗಿ ಓದಿದರಂತೆ. ವಾಪಸ್ಸು ಹೋಗುವಾಗ ರೈಲಿನಲ್ಲಿ ಮಲಗಲು ಬರ್ತ್ ಇದ್ದರೂ, ಮಾಡೆಲ್ಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪುಣೆಯವರೆಗೆ ಕೂತೇ ಹೋದರಂತೆ.