ಜೇಬಿನ ಅಳತೆಯ ರಟ್ಟು

ಆಂಧ್ರದ ಗಡಿಯೂರು ರಾಯದುರ್ಗದ ಬನಶಂಕರಮ್ಮ ಜೀನ್ಸ್ ಪ್ಯಾಂಟಿಗೆ ಹಿಂಜೇಬು ಹೊಲಿಯುವುದನ್ನು ನೋಡಬೇಕು. ಎರಡು ಜೇಬುಗಳ ನಡುವೆ ಎಳೆಯಷ್ಟೂ ವ್ಯತ್ಯಾಸವಿರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಮಿಷನ್ ತುಳಿದು ಸಂಸಾರ ನಡೆಸಿದ್ದಾಳೆ. ಓದು ಎರಡನೇ ಕ್ಲಾಸಿಗೇ ಮುಗಿದಿತ್ತು. ತೆಲುಗನ್ನು ನೀರು ಕುಡಿದಂತೆ ಮಾತಾಡುತ್ತಾಳೆ, ಅಕ್ಷರ ಮಾತ್ರ ಬಾರದು.

ಮಗಳು ವನಿತಾ ಹತ್ತನೇ ಕ್ಲಾಸು. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ, ಮಾತಾಡಿಸಿದರೆ ಅಳು. ಬೆಳಿಗ್ಗೆ ಬರೀ ಚಹಾ ಕುಡಿದು, ಪ್ಯಾಂಟುಗಳ ದಾರದ ತುದಿ ಕತ್ತರಿಸಿಕೊಟ್ಟು, ಹಾಗೆಯೇ ಶಾಲೆಗೆ ಓಡುವ ಹುಡುಗಿ ಅವಳು.

"ಸೋಮಾರಿ ಆಗೀದಿ ನೀ. ಫೇಲಾದ್ರ ಈ ಮಿಷನ್ನೇ ಗತಿ," ಎಂದು ತಾಯಿ ದಿನಾ ಬೈಯುತ್ತಿದ್ದಳು. ತನ್ನ ಪಾಡು ಮಗಳಿಗೆ ಬರಬಾರದು ಎಂಬುದೊಂದೇ ಅವಳ ಹಟ.

ಒಂದು ದಿನ ಶಾಲೆಯ ಪ್ರಾರ್ಥನೆಯಲ್ಲಿ ವನಿತಾ ನಿಂತಲ್ಲೇ ಕುಸಿದಳು. ಸಂಜೆ ನರ್ಸ್ ನಾಗವೇಣಿ ಮನೆಗೇ ಬಂದು, ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಕೆಂಪಿರಬೇಕಾದಲ್ಲಿ ಬಿಳುಪಿತ್ತು.

"ರಕ್ತ ಕಮ್ಮಿ ಆದ್ರ ಮೈಯಷ್ಟೇ ಅಲ್ರಿ, ಮನಸೂ ಸೊರಗತೈತಿ. ಶಾಲ್ಯಾಗ ತಪಾಸಣಿ ಮಾಡಿ, ಆಸ್ಪತ್ರಿಗೆ ಕರ್ಕೊಂಡ್ ಬರ್ರಿ ಅಂತ ಕಾರ್ಡು ಬರೆದು ಮೂರು ತಿಂಗಳಾತು. ಎಲ್ಲೈತ್ರಿ ಅದು?"

"ಯಾವ ಕಾರ್ಡ್ರಿ?"

"ಹಳದೀದು. ದಪ್ಪ ಇರತೈತಲ್ರಿ."

ಬನಶಂಕರಮ್ಮ ಮಿಷನ್ನಿನತ್ತ ನೋಡಿದಳು. ಹಳದಿ ರಟ್ಟು ಮಿಷನ್ನಿನ ಮೇಲೇ ಇತ್ತು, ಜೇಬಿನ ಆಕಾರದಲ್ಲಿ, ಅಂಚೆಲ್ಲ ಸೀಮೆಸುಣ್ಣ ಮೆತ್ತಿಕೊಂಡು. ವನಿತಾ ಶಾಲೆಯಿಂದ ತಂದಿಟ್ಟಿದ್ದನ್ನು, ಗಟ್ಟಿಯಾಗಿದೆ ಎಂದು ತಾನೇ ಕತ್ತರಿಸಿ, ನೂರಾರು ಪ್ಯಾಂಟಿಗೆ ಅದನ್ನಿಟ್ಟು ಗೆರೆ ಎಳೆದಿದ್ದಳು.

ಮಗಳತ್ತ ತಿರುಗಿದಳು. "ನೀ ಇದನ್ನ ಓದಿದ್ದೇನು?"

"ಓದಿದ್ದೆ."

"ನಾ ಕತ್ತರಿಸೋವಾಗ ಎದುರಿಗೇ ಇದ್ದೆಲ್ಲ. ಯಾಕ ಹೇಳ್ಲಿಲ್ಲ?"

"ಆಸ್ಪತ್ರಿಗೆ ಬಂದ್ರ ನಿನ್ನ ಕೂಲಿ ಹೋಗತಿತ್ತು. ಮತ್ತ..." ವನಿತಾ ತಲೆ ತಗ್ಗಿಸಿದಳು. "ನೀ ಸೋಮಾರಿ ಅಂತಿದ್ದೆಲ್ಲ, ಖರೇನ ಸೋಮಾರಿ ಇರಬೇಕು ಅನ್ಕೊಂಡಿದ್ನವ್ವಾ."

ಆ ರಾತ್ರಿ ಬನಶಂಕರಮ್ಮ ಊಟ ಮಾಡಲಿಲ್ಲ.

ಮರುದಿನ ಹೊಲಿಯಬೇಕಾದ ಪ್ಯಾಂಟಿನ ರಾಶಿ ಹಾಗೆಯೇ ಬಿದ್ದಿತ್ತು. ಮಗಳಿಗೆ ರೊಟ್ಟಿ ತಿನ್ನಿಸಿ, ಆಸ್ಪತ್ರೆಗೆ ಕರೆದೊಯ್ದಳು. ಚೀಟಿ ಬರೆಯುವವನು ಕಾರ್ಡು ಕೇಳಿದಾಗ ಆ ಹಳದಿ ಜೇಬನ್ನೇ ಮುಂದಿಟ್ಟಳು.

"ನಾನೇ ಕತ್ತರಿಸೀನ್ರಿ," ಎಂದಳು. "ಹೊಸಾದು ಕೊಡ್ರಿ. ಏನು ಬರೆದೀರಿ ಅಂತ ನನಗ ಓದಿ ಹೇಳ್ರಿ, ಮಗಳಿಗೆ ಬ್ಯಾಡ, ಆಕಿ ಓದಿದ್ರೂ ನನಗ ಹೇಳಂಗಿಲ್ಲ."