ನೈಲಾಳ ಜಾಕೆಟ್ಟಿಗೆ ಖಾಲಾಳ ಬೆರಳು

ಬೆಳಗಿನ ನಮಾಜು ಮುಗಿದು, ಕೊಲ್ಲಿ ನಾಡಿನ ಮುಹರಕ್ ಊರಿನ ಓಣಿಯಲ್ಲಿ ರೊಟ್ಟಿ ಅಂಗಡಿಯ ಒಲೆ ಹೊತ್ತಿಕೊಳ್ಳುವಾಗ ನೈಲಾ ಚಾಪೆ ಹಾಸಿ ಕೂತಿದ್ದಾಳೆ. ಮಡಿಲಲ್ಲಿ ಹಸಿರು ರೇಷ್ಮೆಯ ಜಾಕೆಟ್ಟು. ಒಂದು ತೋಳಿನ ಅಂಚಿನಲ್ಲಿ ಚಿನ್ನದ ಜರಿಯ ಕುರಾರ್ ಹೆಣಿಗೆ ಮಿರುಗುತ್ತಿದೆ. ಇನ್ನೊಂದು ತೋಳು ಬೋಳು. ಇವತ್ತು ರಾತ್ರಿ ದಾನಾ ಎಂಬ ಹುಡುಗಿಯ ಮದರಂಗಿ. ಅವಳು ತೊಡಬೇಕಾದದ್ದು ಇದನ್ನೇ.

ಕುರಾರ್ ಒಬ್ಬರಿಂದ ಆಗುವ ಕೆಲಸವಲ್ಲ. ನೈಲಾ ಸೂಜಿ ಹಿಡಿದರೆ, ಎದುರಿಗೆ ಮೂವರು ಹೆಂಗಸರು ಜರಿಯ ಕುಣಿಕೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ದಾಟಿದಾಗಲೆಲ್ಲ ಒಂದು ಹೊಲಿಗೆ. ನಡುವೆ ಯಾರೂ ಏಳುವಂತಿಲ್ಲ. ಅಜ್ಜಿಯರ ಕಥೆಗಳಲ್ಲಿ ಚಿನ್ನದ ನೂಲಿಗೆ ಸಿಕ್ಕಿಬಿದ್ದ ಅಕ್ಕತಂಗಿಯರು ಬರುತ್ತಾರಲ್ಲ, ಮುಹರಕ್ಕಿನಲ್ಲಿ ಅವರಿಗೆ ಮಂಡಿನೋವೂ ಇದೆ.

ಇವತ್ತು ಬಂದಿರುವುದು ಇಬ್ಬರೇ, ನೆರೆಮನೆಯ ಶಮ್ಮಾ ಮತ್ತು ಅವಳ ಅತ್ತಿಗೆ. ಮೂರನೆಯವರಾದ ಉಮ್ ಗಾನಿಮ್, ನೈಲಾಳ ತಾಯಿಯ ತಂಗಿ, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಚಹಾ ಹೀರುತ್ತಿದ್ದಾರೆ.

"ಖಾಲಾ, ಒಳಗೆ ಬನ್ನಿ."

"ನಾನ್ಯಾಕೆ ಬರ್ಲಿ? ಮೊದಲ ತೋಳು ಮಾಡಿದ್ದೇ ತಪ್ಪಾಯ್ತು. ಮದುಮಗಳ ಥೋಬ್ ಅಂದ್ರೆ ನಿಲುವಂಗಿ, ಪಾದ ಮುಚ್ಚಬೇಕು. ನೀನು ಸೊಂಟಕ್ಕೇ ಕತ್ತರಿಸಿಟ್ಟಿದ್ದೀಯ. ಉಳಿದರ್ಧ ಇಲಿ ತಿಂತಾ?"

"ಕೆಳಗೆ ಪ್ಯಾಂಟು ಇರತ್ತೆ ಖಾಲಾ."

"ನಮ್ಮನೆಯವರೂ ಎಣ್ಣೆ ಕಾರ್ಖಾನೆಗೆ ಪ್ಯಾಂಟು ಹಾಕ್ಕೊಂಡೇ ಹೋಗ್ತಿದ್ರು. ಅವರಿಗ್ಯಾರೂ ಮದರಂಗಿ ಹಚ್ಚಲಿಲ್ಲ!"

ಶಮ್ಮಾಗೆ ನಗು ತಡೆಯಲಾಗುವುದಿಲ್ಲ. ನೈಲಾಗೆ ನಗು ಬರುತ್ತಿಲ್ಲ.

ವರ್ಷಗಟ್ಟಲೆ ಶಾಲೆಯ ಸಮವಸ್ತ್ರ ಹೊಲಿದೇ ಮಗಳನ್ನು ಓದಿಸಿದವಳು ನೈಲಾ. ಈಗ ತಿಂಗಳಿಗೆ ಎರಡು ಜಾಕೆಟ್ಟು ಮಾಡುತ್ತಾಳೆ. ರಾಜಧಾನಿ ಮನಾಮಾದ ಅಂಗಡಿಯಲ್ಲಿ ಅವು ಅಂಗಡಿಯ ಹೆಸರಿನಲ್ಲೇ ಮಾರಾಟವಾಗುತ್ತವೆ. "ಹುಡುಗೀರು ಥೋಬ್ ಬಾಡಿಗೆಗೆ ತರ್ತಾರೆ, ಫೋಟೊ ತೆಗೆಸ್ಕೊಂಡು ವಾಪಸ್ ಕೊಡ್ತಾರೆ. ಮದುವೆ ಆದ್ಮೇಲೂ ಹಾಕ್ಕೊಂಡು ಓಡಾಡೋ ಹಾಗೆ ಮಾಡೋಣ ಅನ್ನಿಸ್ತು," ಎನ್ನುತ್ತಾಳೆ. ಯಂತ್ರದ ಜರಿಪಟ್ಟಿ ಪೇಟೆಯಲ್ಲಿ ಸಲೀಸಾಗಿ ಸಿಗುತ್ತದೆ. ನೈಲಾ ಅದನ್ನು ಮುಟ್ಟುವುದಿಲ್ಲ. "ಅದನ್ನ ಒಂದ್ಸಲ ಅಂಟಿಸಿದ್ರೆ ಮುಗೀತು. ಈ ಚಾಪೆ ಮೇಲೆ ಮತ್ಯಾರೂ ಕೂರಲ್ಲ."

ಬಿಸಿಲೇರುವ ಹೊತ್ತಿಗೆ ದಾನಾ ಬಂದು ಜಾಕೆಟ್ಟು ತೊಟ್ಟು ನೋಡುತ್ತಾಳೆ. ಉದ್ದ ಕತ್ತರಿಸಿದ್ದರೂ ತೋಳುಗಳನ್ನು ನೈಲಾ ಹಳೆಯ ಥೋಬಿನಷ್ಟೇ ಅಗಲ ಬಿಟ್ಟಿದ್ದಾಳೆ. ದಾನಾ ಯಾರೂ ಹೇಳದೆಯೇ ಹೊಳೆಯುವ ತೋಳನ್ನೆತ್ತಿ ತಲೆಯ ಮೇಲೆ ಸೆರಗಿನಂತೆ ಹೊದೆಯುತ್ತಾಳೆ, ಇಲ್ಲಿನ ಮದುವೆ ಹೆಣ್ಣುಗಳೆಲ್ಲ ಹೊದೆಯುವ ಹಾಗೆ. ಬೋಳು ತೋಳು ಪಕ್ಕದಲ್ಲಿ ಜೋತುಬಿದ್ದಿದೆ.

ಉಮ್ ಗಾನಿಮ್ ಲೋಟ ಕೆಳಗಿಡುತ್ತಾರೆ.

"ಆ ಕಡೆಯಿಂದ ಮದುಮಗಳು, ಈ ಕಡೆಯಿಂದ ಪೋಸ್ಟ್‌ಮ್ಯಾನು! ಬಿಚ್ಚು, ಬಿಚ್ಚಿ ಕೊಡೇ ಇಲ್ಲಿ. ಊರವರು ನಗಬೇಕಾ?"

ಮಂಡಿ ಹಿಡಿದುಕೊಂಡೇ ಬಂದು ಚಾಪೆಯ ಮೇಲೆ ಕೂರುತ್ತಾರೆ, ಎರಡೂ ಕೈ ಚಾಚುತ್ತಾರೆ. ನೈಲಾ ಒಂದೊಂದೇ ಕುಣಿಕೆಯನ್ನು ಅವರ ಬೆರಳಿಗೇರಿಸುತ್ತಾಳೆ. ಇನ್ನು ತೋಳು ಮುಗಿಯುವ ತನಕ ಅವರು ಏಳುವಂತಿಲ್ಲ. ಬಯ್ಯುವುದಕ್ಕೇನೂ ಅಡ್ಡಿಯಿಲ್ಲ, ಬಯ್ಯುತ್ತಲೇ ಇದ್ದಾರೆ.

ಮುಂದೇನು ಆಸೆ ಎಂದು ಕೇಳಿದರೆ ನೈಲಾ ಸೂಜಿಯಿಂದ ಕಣ್ಣು ಕೀಳದೆ ಹೇಳುತ್ತಾಳೆ: "ಮುಂದಿನ ಜಾಕೆಟ್ಟಿಗೂ ಖಾಲಾ ಹೀಗೇ ಬಂದು ಬಯ್ಯಲಿ. ಬಯ್ಯೋಕೆ ಬಂದ್ರೆ ಬೆರಳೂ ಜೊತೇಲೇ ಬರತ್ತಲ್ಲ."