ಅಮ್ಮನ ಹೆಬ್ಬೆರಳಿಗೆ ತಕ್ಕ ಹರಿತ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಚೂರಿಯ ಮೇಲೆ. ಕ್ಷೇಮಸಮಾಚಾರ ಆಮೇಲೆ. ಟೊಮೆಟೊವನ್ನು ಹೆಚ್ಚುವ ಬದಲು ಹಿಂಡುವ ಚೂರಿ ಕಂಡರೆ ಅವರು ಕೊಟ್ಟ ಚಹಾ ನನಗೆ ರುಚಿಸುವುದಿಲ್ಲ. ಇದರಿಂದಾಗಿ ನೆಂಟರು ನಮ್ಮನ್ನು ಊಟಕ್ಕೆ ಕರೆಯುವುದೇ ಕಡಿಮೆಯಾಗಿದೆ ಎಂದು ಹೆಂಡತಿ ಶೋಭಾಳ ದೂರು. ನಾನು ನಂಬುವುದಿಲ್ಲ, ಆದರೆ ಈಚೆಗೆ ಯಾರೂ ಕರೆದಿಲ್ಲ ಎಂಬುದು ನಿಜ.

ಈ ಹುಚ್ಚು ಹಿಡಿದದ್ದು ದುಬೈಯ ಭಾವ ಒಂದು ಒಳ್ಳೆಯ ಚೂರಿ ತಂದುಕೊಟ್ಟ ಮೇಲೆ. ಮಂಗಳೂರಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ಚೂರಿಯ ಪಾಡೇನು? ಹುಣಸೆಹುಳಿ ತಾಗಿದ ಅಲಗನ್ನು ಸಿಂಕಿನಲ್ಲಿ ಬಿಟ್ಟರೆ ಸಂಜೆಗೆ ಕಲೆ. ಕೂಡಲೇ ತೊಳೆಯಬೇಕು, ಒರೆಸಬೇಕು, ಚಮಚಗಳ ರಾಶಿಗೆ ಎಸೆಯಬಾರದು, ಗ್ರಾನೈಟಿನ ಮೇಲಿಟ್ಟು ಹೆಚ್ಚಬಾರದು. ನನಗೆ ಜ್ವರ ಬಂದಾಗಲೂ ಇಷ್ಟು ಆರೈಕೆ ಸಿಕ್ಕಿದ್ದಿಲ್ಲ. ಮಸೆಯುವುದಂತೂ ಒಂದು ಪೂಜೆ. ಕಲ್ಲನ್ನು ನೀರಿನಲ್ಲಿ ನೆನೆಹಾಕಿ, ಅಲಗನ್ನು ಒಂದೇ ಓರೆಯಲ್ಲಿ ಹಿಡಿದು, ಮೊದಲು ಒರಟು ಬದಿಗೆ, ಮತ್ತೆ ನುಣುಪು ಬದಿಗೆ ಉಜ್ಜಬೇಕು. ನನಗೆ ತಾಳ್ಮೆ ಅಂತ ಇದ್ದರೆ ಅದು ಆ ಕಲ್ಲಿನ ಮುಂದೆ ಮಾತ್ರ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅಮ್ಮನ ಚೂರಿಯನ್ನೂ ಮಸೆದುಬಿಟ್ಟೆ. ಮರದ ಹಿಡಿಯ, ಸವೆದು ಸಪೂರವಾದ ಹಳೆಯ ಚೂರಿ. ಅಮ್ಮನ ಕಣ್ಣು ಮಂದವಾದ ಮೇಲೆ ಒಲೆಯ ಕೆಲಸ ಶೋಭಾಳಿಗೆ ಹೋಗಿದೆ. ತರಕಾರಿ ಹೆಚ್ಚುವುದೊಂದೇ ಅಮ್ಮನಿಗೆ ಉಳಿದ ಕಾರುಬಾರು. ಮೊಂಡು ಚೂರಿಯೇ ಹೆಚ್ಚು ಅಪಾಯ ಎಂದು ವೀಡಿಯೊಗಳಲ್ಲಿ ಕೇಳಿದ್ದ ನಾನು, ಪೇಪರಿನ ಹಾಳೆ ಸರ್ರನೆ ಸೀಳುವವರೆಗೆ ಮಸೆದು, ಅದರ ಜಾಗದಲ್ಲೇ ಇಟ್ಟು, ಬಸ್ಸು ಹತ್ತಿದೆ. ಅಮ್ಮನಿಗೆ ಹೇಳಲಿಲ್ಲ. ಅವಳೇ ಕಂಡು ಖುಷಿಪಡಲಿ ಎಂಬ ಆಸೆ.

ತೊಕ್ಕೊಟ್ಟಿನಲ್ಲಿ ನನ್ನದೊಂದು ಪೇಂಟ್ ಅಂಗಡಿ. ಎದುರಿನ ಹೋಟೆಲಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಅಲಸಂಡೆ ಕೋಡು ಹೆಚ್ಚುತ್ತ ಕೂತಿದ್ದಳು. ಮಣೆ ಇಲ್ಲ, ಹಲಗೆ ಇಲ್ಲ. ಕೈಯಲ್ಲೇ ಕಟ್ಟು ಹಿಡಿದು, ಚೂರಿಯನ್ನು ತನ್ನತ್ತ ಎಳೆದು, ಹೆಬ್ಬೆರಳಿಗೆ ತಾಗಿಸಿ ನಿಲ್ಲಿಸುತ್ತಿದ್ದಳು. ನೋಡುತ್ತಿದ್ದ ಹಾಗೆ ನನಗೆ ಮನೆಯ ನೆನಪಾಯಿತು. ಅಮ್ಮ ಹೆಚ್ಚುವುದೂ ಹೀಗೇ. ಅವಳ ಹಲಗೆ ಅವಳ ಹೆಬ್ಬೆರಳು. ಚೂರಿ ಮೊಂಡು ಎಂಬ ಭರವಸೆಯಲ್ಲೇ ಇಷ್ಟು ವರ್ಷ ಆ ಬೆರಳು ಅದಕ್ಕೆ ಎದುರು ನಿಂತಿದೆ. ಮೇಲಿಂದ ಸಕ್ಕರೆ ಕಾಯಿಲೆ, ಗಾಯವಾದರೆ ಬೇಗ ಒಣಗುವುದಿಲ್ಲ.

ಫೋನ್ ಮಾಡಿದೆ, ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ. ಶೋಭಾ ಆಗಲೇ ಬ್ಯಾಂಕಿನ ಕೆಲಸಕ್ಕೆ ಹೋಗಿ ಆಗಿತ್ತು. ಅಂಗಡಿಯ ಶಟರ್ ಎಳೆದು ಬಸ್ಸು ಹತ್ತಿದರೆ, ನೇತ್ರಾವತಿ ಸೇತುವೆಯ ಮೇಲೆ ವಾಹನಗಳು ಸಾಲಾಗಿ ನಿಂತಿವೆ. ಕೆಳಗೆ ಹೊಳೆ ಆರಾಮವಾಗಿ ಹರಿಯುತ್ತಿತ್ತು. ಅದನ್ನು ಕಂಡು ನನಗೆ ಸಿಟ್ಟು ಬಂತು. ಪಂಪ್‌ವೆಲ್ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ, ಡಾಕ್ಟರರ ಬೈಗುಳವನ್ನೂ ಕೇಳಿಸಿಕೊಂಡಿದ್ದೆ.

ಕಂಕನಾಡಿಯ ಮನೆಯ ಬಾಗಿಲು ತೆಗೆದಾಗ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಬಲಗೈ ಸೆರಗಿನೊಳಗೆ. ಮುಂದಿನ ತಟ್ಟೆಯಲ್ಲಿ ಅರ್ಧ ಹೆಚ್ಚಿದ ಅಲಸಂಡೆ.

"ಎಂತ ಮಗಾ, ಅಂಗಡಿ ಇಲ್ವಾ?"

ಕೈ ತೋರಿಸು ಎಂದೆ. ತೋರಿಸಲಿಲ್ಲ. ನಾನೇ ಸೆರಗು ಸರಿಸಿದೆ. ಹೆಬ್ಬೆರಳಿಗೆ ಹಳದಿಪುಡಿ ಒತ್ತಿ ಬಟ್ಟೆ ಸುತ್ತಿದ್ದಳು, ರಕ್ತ ನಿಂತಿತ್ತು. ಗಾಯ ಸಣ್ಣದೇ. ಆದರೂ ನನ್ನ ಕಣ್ಣು ತುಂಬಿತು. ಮಸೆದದ್ದು ನಾನೇ ಎಂದೆ. ಅದು ಅವಳಿಗೆ ಗೊತ್ತಿತ್ತು. ಅವಳ ಹೆದರಿಕೆ ಬೇರೆಯೇ ಇತ್ತು.

"ಶೋಭಳಿಗೆ ಹೇಳ್ಬೇಡ ಮಾರಾಯ. ಗೊತ್ತಾದ್ರೆ ನಾಳೆಯಿಂದ ನನಗೆ ಇದೂ ಇಲ್ಲ."

ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆ. ಶೋಭಾಳ ಎದುರು ಆ ಕೈ ಸೆರಗಿನೊಳಗೇ ಇರುತ್ತಿತ್ತು. ಗಾಯ ಒಣಗುವವರೆಗೆ, ಶೋಭಾ ಸ್ನಾನಕ್ಕೆ ಹೋದ ಸಮಯ ನೋಡಿ ನಾನೇ ತರಕಾರಿ ಹೆಚ್ಚಿ ಅಮ್ಮನ ತಟ್ಟೆಯಲ್ಲಿಡುತ್ತಿದ್ದೆ. ಈಗೀಗ ಅತ್ತೆ ಹೆಚ್ಚಿದ ಹೋಳುಗಳು ಅಳೆದಂತೆ ಒಂದೇ ಸಮ ಇರುತ್ತವೆ, ಕಣ್ಣು ಸುಧಾರಿಸಿದ ಹಾಗುಂಟು ಎಂದು ಶೋಭಾ ನನ್ನ ಮುಖ ನೋಡುತ್ತ ಹೇಳಿದಳು. ಅವಳಿಗೆ ಎಷ್ಟು ಗೊತ್ತೋ, ನಾನು ಕೇಳಲು ಹೋಗಲಿಲ್ಲ.

ಕಟ್ಟು ಬಿಚ್ಚಿದ ದಿನ ಕಲ್ಲನ್ನು ಹೊರತೆಗೆದೆ. ಅಮ್ಮನ ಚೂರಿಯ ಬಾಯಿಯನ್ನು ನೇರ ಕಲ್ಲಿಗೇ ಒತ್ತಿ ಎಳೆದೆ. ಅಷ್ಟು ಕಷ್ಟಪಟ್ಟು ತಂದ ಹರಿತವನ್ನು ನನ್ನ ಕೈಯಿಂದಲೇ ಕೊಲ್ಲುವಾಗ ಸಂಕಟವಾಯಿತು. ಪೇಪರು ಸೀಳದಾಯಿತು. ಟೊಮೆಟೊ ಹಿಂಡತೊಡಗಿತು. ನನ್ನ ಹೆಬ್ಬೆರಳಿಗೆ ಎಳೆದು ನೋಡಿದೆ, ಗೆರೆ ಮೂಡಿತೇ ಹೊರತು ಚರ್ಮ ತೆರೆಯಲಿಲ್ಲ. ಯಾವ ವೀಡಿಯೊದಲ್ಲೂ ಇಲ್ಲದ ಪರೀಕ್ಷೆ ಅದು.

ಅಮ್ಮ ಅಲಸಂಡೆಯ ಕಟ್ಟು ಹಿಡಿದು ಕೂತಳು. ನಾನು ಉಸಿರು ಬಿಗಿಹಿಡಿದು ನಿಂತೆ. ಚೂರಿ ಹೆಬ್ಬೆರಳಿಗೆ ಬಂದು ತಾಗಿತು, ನಿಂತಿತು, ಹಿಂದೆ ಹೋಯಿತು. ಒಂದು ಹಿಡಿ ಹೆಚ್ಚಿ ಮುಗಿಸಿ ಅಲಗನ್ನು ತಿರುಗಿಸಿ ನೋಡಿದಳು.

"ಈಗ ನೋಡು, ಎಷ್ಟು ಚಂದ ಮಸೆದಿದ್ದಿ."

ನನ್ನ ಮಸೆಯುವ ವಿದ್ಯೆಗೆ ಮನೆಯಲ್ಲಿ ಸಿಕ್ಕಿದ ಮೊದಲ ಹೊಗಳಿಕೆ ಅದು.